ಎರಡು ಆಯಿಲ್ ಫಿಲ್ಟರ್ ಕೊಯ್ದು ನೋಡಿದೆವು

ಸವಡಿಯಲ್ಲಿ ನಮ್ಮ ಚಾಚಾ ಅವರದು ಸಣ್ಣ ಗ್ಯಾರೇಜು. ರಜೆಯಲ್ಲಿ ಅಲ್ಲಿ ಬಿಲ್ ಬರೆಯುವ ಕೆಲಸ ನನ್ನದು. ಒಂದೇ ಕಾರಿಗೆ ಕೂಡುವ ಎರಡು ಆಯಿಲ್ ಫಿಲ್ಟರ್ ಇರುತ್ತವೆ, ಒಂದರ ಬೆಲೆ ಇನ್ನೊಂದರ ಅರ್ಧ. ಹೊರಗೆ ಎರಡೂ ತಗಡಿನ ಡಬ್ಬಿಗಳೇ. ಜಿಎಸ್‌ಟಿ ಬಿಲ್ಲಿನಲ್ಲಿ ಎರಡಕ್ಕೂ ಅದೇ 8421ರ ಎಚ್‌ಎಸ್‌ಎನ್ ಸಂಖ್ಯೆ. ಗಿರಾಕಿಗಳು ಕೈಯಲ್ಲಿ ತೂಗಿ ನೋಡುತ್ತಾರೆ. ಅದರಿಂದ ತಿಳಿಯುವುದು ತಗಡಿನ ದಪ್ಪ ಮಾತ್ರ.

ಈ ಸಲ ಎರಡನ್ನೂ ಹ್ಯಾಕ್ಸಾದಿಂದ ಕೊಯ್ದೆವು. ಒಳಗೆ ಸೀರೆಯ ನೆರಿಗೆಯಂತೆ ಮಡಚಿದ ಕಾಗದ. ದುಬಾರಿಯದರಲ್ಲಿ ನೆರಿಗೆಗಳು ಒತ್ತಾಗಿ, ಸಮನಾಗಿ ಇದ್ದವು. ಅಗ್ಗದ್ದರಲ್ಲಿ ನೆರಿಗೆ ಕಡಿಮೆ, ಅವೂ ಒಂದು ಕಡೆ ಗುಂಪಾಗಿದ್ದವು. ಕಾಗದದ ತುದಿಗಳು ಸೇರುವಲ್ಲಿ ಅಂಟು ಬಿಟ್ಟು ಬೆಳಕು ಕಾಣುತ್ತಿತ್ತು. ಆ ಸಂದಿನಲ್ಲಿ ಎಣ್ಣೆ ಸೋಸದೆಯೇ ದಾಟುತ್ತದೆ. ಕಾಗದ ಎಷ್ಟು ಸಣ್ಣ ಕಣ ಹಿಡಿಯುತ್ತದೆ ಎಂಬುದು ಮಾತ್ರ ಕಣ್ಣಿಗೆ ಕಾಣದು. ಅದಕ್ಕೆ ಪ್ರಯೋಗಾಲಯದಲ್ಲಿ ಐಎಸ್‌ಒ 4548-12 ಎಂಬ ಪರೀಕ್ಷೆ ಇದೆ.

ಕೊಯ್ಯದೆಯೂ ಒಂದನ್ನು ನೋಡಬಹುದು. ಬಾಯಿಯ ಸುತ್ತಲಿನ ರಂಧ್ರಗಳ ಹಿಂದೆ ರಬ್ಬರ್ ಪೊರೆ ಇರುತ್ತದೆ. ಗಾಡಿ ನಿಂತಾಗ ಎಣ್ಣೆ ವಾಪಸ್ ಇಳಿಯದಂತೆ ಅದು ತಡೆಯಬೇಕು. ಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ಬಾಗಿ ಮತ್ತೆ ಕೂಡಬೇಕು. ರಬ್ಬರ್ ಗಟ್ಟಿಯಾದರೆ ರಾತ್ರಿಯೆಲ್ಲ ಎಣ್ಣೆ ಇಳಿದು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಸ್ವಲ್ಪ ಹೊತ್ತು ಕಟಕಟ ಎನ್ನುತ್ತದೆ.

ನನಗೆ ಹೆಚ್ಚು ಯೋಚನೆಗೆ ಹಚ್ಚಿದ್ದು ಬೈಪಾಸ್ ವಾಲ್ವ್. ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ನಿಗೆ ಎಣ್ಣೆ ನಿಲ್ಲಬಾರದೆಂದು ಅದು ಸೋಸದ ಎಣ್ಣೆಯನ್ನೇ ಒಳಗೆ ಬಿಡುತ್ತದೆ. (ಕೆಲವು ಕಾರುಗಳಲ್ಲಿ ಇದು ಎಂಜಿನ್ನಿನಲ್ಲೇ ಇರುತ್ತದೆ.) ಹಾಗಾಗಿ ಕೆಟ್ಟ ಫಿಲ್ಟರ್ ಹಾಕಿದ ಗಾಡಿಯೂ ಓಡುತ್ತಲೇ ಇರುತ್ತದೆ. ಬ್ರೇಕ್ ಕೆಟ್ಟರೆ ಅಂದೇ ಗೊತ್ತಾಗುತ್ತದೆ, ಇದು ಹಾಗಲ್ಲ. ಉಳಿದ ದುಡ್ಡು ಇವತ್ತಿನ ಲೆಕ್ಕದಲ್ಲಿ, ಸವೆದ ಬೇರಿಂಗ್ ಎಷ್ಟೋ ವರ್ಷದ ನಂತರದ ಲೆಕ್ಕದಲ್ಲಿ.

ನಮ್ಮ ಓಣಿಯ ಒಬ್ಬರು ಬಾಡಿಗೆ ಕಾರು ಓಡಿಸುತ್ತಾರೆ. ಸಾಲದ ಕಂತು ಮುಗಿಯುವ ಮೊದಲೇ ಎಂಜಿನ್ ಬಿಚ್ಚಬೇಕಾಯಿತು. ಎರಡು ತಿಂಗಳು ದುಡಿಮೆ ಇಲ್ಲ. ಫಿಲ್ಟರೇ ಕಾರಣ ಎಂದು ಸಾಧಿಸಲು ಆಗುವುದಿಲ್ಲ, ಎಣ್ಣೆ ಬದಲಿಸುವುದೂ ತಡವಾಗಿತ್ತು. ಆದರೆ ಫಿಲ್ಟರ್ ಕೊಂಡ ಅಂಗಡಿಗೆ ಹೋಗಿ ಕೇಳೋಣವೆಂದರೆ ಅವರ ಹತ್ತಿರ ಬಿಲ್ಲೇ ಇರಲಿಲ್ಲ. ಅಂದಿನಿಂದ ನಾನು ಬಿಲ್ಲಿನಲ್ಲಿ ಬರೀ "ಫಿಲ್ಟರ್" ಎಂದು ಬರೆಯುವುದಿಲ್ಲ, ಕಂಪನಿ ಹೆಸರು, ಪಾರ್ಟ್ ನಂಬರ್ ಎರಡನ್ನೂ ಹಾಕುತ್ತೇನೆ.

ಕೊಯ್ದ ಫಿಲ್ಟರ್‌ಗಳನ್ನು ಚಾಚಾ ಕೌಂಟರ್ ಮೇಲೆ ಇಟ್ಟಿದ್ದಾರೆ. ಮೊನ್ನೆ ಒಬ್ಬರು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿ, "ಕಡಿಮಿದ ಕೊಡ್ರಿ, ಮುಂದಿನ ತಿಂಗಳ ಗಾಡಿ ಮಾರೋದೈತಿ" ಅಂದರು.