ಪ್ರಸಾದಕಾಯ ಮತ್ತು ಮೇದೋಜೀರಕ ಗ್ರಂಥಿ



ಹೆಂಡ ಮಾರುವ ಕಾಯಕದವನಾಗಿಯೂ ಕುಡಿತ ಬೇಡವೆಂದು ಬೋಧಿಸಿದನೆಂಬ ಪ್ರತೀತಿಯುಳ್ಳ ಶರಣ ಹೆಂಡದ ಮಾರಯ್ಯನ ವಚನಗಳನ್ನು ಓದುವಾಗಲೆಲ್ಲ ನನಗೆ ಸೋದರಮಾವನವರ ನೆನಪಾಗುತ್ತದೆ. ಬಹುಕಾಲದ ಮದ್ಯಪಾನದಿಂದ ಅವರ ಮೇದೋಜೀರಕ ಗ್ರಂಥಿ ಬಾತು ಗಡುಸಾಗಿದೆ. ಅನ್ನವನ್ನು ಅರಗಿಸಬೇಕಾದ ರಸವು ಗ್ರಂಥಿಯನ್ನೇ ಅರಗಿಸತೊಡಗಿದಾಗ ನೋವು ಬೆನ್ನಿಗೆ ಹಾಯುತ್ತದೆ. ಜಿಡ್ಡು ಜೀರ್ಣವಾಗದು, ಮಧುಮೇಹವೂ ಬರಬಹುದು. ಕುಡಿತ, ಧೂಮಪಾನ ಬಿಟ್ಟರೂ ಕೆಟ್ಟ ಭಾಗ ಮರಳದು; ಉಳಿದುದು ಉಳಿದೀತು. (ಕುಡಿಯದವರಿಗೂ ಈ ರೋಗ ಬರುವುದುಂಟು, ಅವರನ್ನು ಶಂಕಿಸುವುದು ಅನ್ಯಾಯ.)

ಮಾವನವರು ಕುಡಿತವನ್ನು ಬಿಟ್ಟಿದ್ದಾರೆ. ದಾಸೋಹದ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಸುರಿಯಬಂದವರಿಗೆ ಮಾತ್ರ ಬೇಡವೆನ್ನಲಾರರು. ಪ್ರಸಾದವನ್ನು ನಿರಾಕರಿಸಿದಂತಾದೀತೆಂಬ ಅಳುಕು. ಅರಗುವಷ್ಟನ್ನೇ ನೀಡಿಸಿಕೊಳ್ಳುವುದು ಅಗೌರವವಲ್ಲವೆಂದು ನಾನು ತಿಳಿದಿದ್ದೇನೆ. ಈಗ ಅವರು ಸ್ವಲ್ಪಸ್ವಲ್ಪವಾಗಿ ಹಲವು ಸಲ ಉಣ್ಣುತ್ತಾರೆ, ವೈದ್ಯರು ಬರೆದುಕೊಟ್ಟ ಕಿಣ್ವದ ಗುಳಿಗೆಯನ್ನು ಊಟದೊಡನೆಯೇ ಸೇವಿಸುತ್ತಾರೆ. ಬಡಿಸುವ ಬಂಧುಗಳು ಒತ್ತಾಯಿಸದಿರಲೆಂದು ವಿನಂತಿ.