ಪುಕ್ಕಟೆ ಕಾವಲುಗಾರ

ಪುಕ್ಕಟೆಯಾಗಿ ದೊರೆತದ್ದಕ್ಕೆ ಬೆಲೆಯಿಲ್ಲವೆಂಬುದು ಲೋಕದ ನಂಬಿಕೆ. ತರಕಾರಿಯವಳೊಡನೆ ಹಿಡಿ ಕೊಸರಿಗಾಗಿ ಹತ್ತು ನಿಮಿಷ ವಾದಿಸುವ ಮಹನೀಯರೂ ಕಂಪ್ಯೂಟರಿನ ಮಾತು ಬಂದೊಡನೆ ಹಣ ತೆರದೆ ಬಂದುದನ್ನು ಅನುಮಾನದಿಂದ ನೋಡುತ್ತಾರೆ. ನಾನಾದರೋ ಆಂಟಿವೈರಸ್ಸನ್ನು ಕೊಂಡವನಲ್ಲ. ವಿಂಡೋಸಿನೊಡನೆ ತಾನಾಗಿಯೇ ಬಂದ ಡಿಫೆಂಡರೇ ನನ್ನ ದ್ವಾರಪಾಲಕ. ಈ ಸಂಗತಿ ಬಯಲಾದಂದಿನಿಂದ ಅಧ್ಯಾಪಕರ ಕೊಠಡಿಯಲ್ಲಿ ನನಗೆ ನೆಮ್ಮದಿಯಿಲ್ಲ.

"ಮೇಷ್ಟ್ರೇ, ಸಂಬಳವಿಲ್ಲದ ಕಾವಲುಗಾರ ರಾತ್ರಿ ಎಚ್ಚರವಾಗಿರುತ್ತಾನೆಯೇ?" ಎನ್ನುತ್ತಾರೆ ವಾಣಿಜ್ಯಶಾಸ್ತ್ರದ ಮಿತ್ರರು. "ನಿದ್ದೆ ಹೋದರೆ ಚಿಂತೆಯಿಲ್ಲ ಸ್ವಾಮಿ, ಎಚ್ಚರವಾಗಿದ್ದು ಮನೆಯ ಮಾತನ್ನು ಹೊರಗೆ ಮಾರಿದರೆ?" ಎನ್ನುತ್ತಾರೆ ಭೌತಶಾಸ್ತ್ರದವರು.

ಮೊದಲನೆಯ ಆಕ್ಷೇಪಣೆಗೆ ಉತ್ತರ ಸುಲಭ. ಈ ಕಾವಲುಗಾರನಿಗೆ ಸಂಬಳವುಂಟು. ಯಂತ್ರದೊಡನೆ ವಿಂಡೋಸನ್ನು ಕೊಂಡಾಗಲೇ ನಾವು ತೆತ್ತಿದ್ದೇವೆ. 2009ರಲ್ಲಿ ಮೈಕ್ರೋಸಾಫ್ಟ್ ಪುಕ್ಕಟೆ ರಕ್ಷಣೆಯನ್ನು ಬೇರೆಯಾಗಿ ಕೊಟ್ಟಿತು; 2012ರ ವಿಂಡೋಸ್ 8ರಿಂದ ಅದು ಮನೆಯೊಳಗೇ ಸೇರಿತು. ಕೋಟ್ಯಂತರ ಯಂತ್ರಗಳಲ್ಲಿರುವುದರಿಂದ, ಒಂದೆಡೆ ಕಂಡ ಹೊಸ ಪಿಡುಗಿನ ಗುರುತು ಬೇಗನೆ ಮಿಕ್ಕೆಡೆಗೂ ತಲಪುತ್ತದೆ. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ನಡೆಸುವ ಪರೀಕ್ಷೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಡಿಫೆಂಡರು ರಕ್ಷಣೆಗೆ ಹಲವು ಸಲ ಪೂರ್ಣಾಂಕ ಗಳಿಸಿದೆ. ಕನ್ನಡ ಪತ್ರಿಕೆಯಲ್ಲಿ ಪೂರ್ಣಾಂಕ ಕೊಡಲು ಕೈ ನಡುಗುವ ನನಗೆ ಇದು ಸಣ್ಣ ಸಾಧನೆಯಾಗಿ ಕಾಣುವುದಿಲ್ಲ.

ಎರಡನೆಯ ಆಕ್ಷೇಪಣೆಯಲ್ಲಿ ಹುರುಳಿದೆ. ಚೆಕ್ ದೇಶದ ಅವಾಸ್ಟ್ ಲೋಕಪ್ರಿಯವಾದ ಪುಕ್ಕಟೆ ಆಂಟಿವೈರಸ್ಸು. ಬಳಕೆದಾರರು ಅಂತರ್ಜಾಲದಲ್ಲಿ ಎಲ್ಲೆಲ್ಲಿ ಅಡ್ಡಾಡಿದರೆಂಬ ವಿವರವನ್ನು ಅದು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು 2020ರಲ್ಲಿ ಬಯಲಾಯಿತು, ಅಂಗಡಿಯನ್ನು ಮುಚ್ಚಬೇಕಾಯಿತು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗವು 1 ಕೋಟಿ 65 ಲಕ್ಷ ಡಾಲರು ತೆರುವಂತೆ ವಿಧಿಸಿತು. ಆದುದರಿಂದ ಪುಕ್ಕಟೆಯೆಂದು ಬಂದವನನ್ನು "ನಿನ್ನ ಊಟ ಎಲ್ಲಿಂದ?" ಎಂದು ಕೇಳುವುದು ಅವಿವೇಕವಲ್ಲ. ಆದರೆ ಹಣ ಪಡೆದು ಬಂದವನನ್ನೂ ಹಾಗೆಯೇ ಕೇಳಬೇಕೆಂಬುದು ನನ್ನ ವಾದ.

ನನ್ನ ಯಂತ್ರದಲ್ಲಿರುವುದು ಬಂಗಾರವಲ್ಲ. ಹಳ್ಳಿಹಳ್ಳಿಗಳಲ್ಲಿ ಕೇಳಿ ಬರೆದುಕೊಂಡ ಬೀಸುವ ಪದಗಳು, ಸೋಬಾನೆಗಳು. ಹಾಡಿದ ಅಜ್ಜಿಯರಲ್ಲಿ ಹಲವರು ಈಗಿಲ್ಲ. ವಿದ್ಯಾರ್ಥಿಗಳಾದರೋ ಜೆರಾಕ್ಸ್ ಅಂಗಡಿಗಳನ್ನೆಲ್ಲ ಸುತ್ತಿಬಂದ ಪೆನ್‌ಡ್ರೈವುಗಳನ್ನು ಅದೇ ಯಂತ್ರಕ್ಕೆ ಸಿಕ್ಕಿಸುತ್ತಾರೆ. ಒಳಗಿನ ಫೋಲ್ಡರುಗಳನ್ನು ಬಚ್ಚಿಟ್ಟು, ಅವುಗಳ ವೇಷದಲ್ಲಿ ತಾನು ನಿಲ್ಲುವ ವೈರಸ್ಸು ಅದೆಷ್ಟು ಸಲ ಡಿಫೆಂಡರಿಗೆ ಸಿಕ್ಕಿಬಿದ್ದಿದೆಯೋ!

ಆ ಹುಡುಗರನ್ನು ನೆನೆದಾಗ ನನ್ನ ವಾದ ಇನ್ನೂ ಗಟ್ಟಿಯಾಗುತ್ತದೆ. ಪರೀಕ್ಷಾ ಶುಲ್ಕಕ್ಕೇ ಕೈಗಡ ಮಾಡುವ ಮನೆಯವನಿಗೆ ವರ್ಷವರ್ಷವೂ ಆಂಟಿವೈರಸ್ಸಿಗೆ ಹಣವೆಲ್ಲಿ? ಅವನ ಮುಂದಿರುವುದು ಪುಕ್ಕಟೆಯ ರಕ್ಷಣೆ, ಇಲ್ಲವೆ ಕದ್ದ ಪ್ರತಿ. ಕದ್ದ ಪ್ರತಿಯಲ್ಲಿ ಎಷ್ಟೋ ಸಲ ಕಳ್ಳನೇ ಕಾವಲಿಗೆ ಬಂದಿರುತ್ತಾನೆ.

ಹಾಗೆಂದು ಕಾವಲುಗಾರನನ್ನೇ ನಂಬಿ ಮಲಗಲಾಗದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಇಂಗ್ಲೆಂಡಿನ ಆಸ್ಪತ್ರೆಗಳ ಕಡತಗಳಿಗೂ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಪುಕ್ಕಟೆಯಾಗಿ ಹಂಚಿತ್ತು. ಹಾಕಿಕೊಳ್ಳದವರು ಬಹಳ ಮಂದಿ. ನಾನು ಅಪ್‌ಡೇಟನ್ನು ತಡೆಯುವುದಿಲ್ಲ. ಅಜ್ಜಿಯರ ಹಾಡುಗಳ ಇನ್ನೊಂದು ಪ್ರತಿಯನ್ನು ಬೇರೆ ಹಾರ್ಡ್‌ಡಿಸ್ಕಿನಲ್ಲಿ ತುಂಬಿ ಬೀರುವಿನಲ್ಲಿಟ್ಟಿದ್ದೇನೆ.

ಹಣ ತೆತ್ತು ಕೊಂಡವರನ್ನು ನಾನು ಹಳಿಯುವುದಿಲ್ಲ. ಅವರಿಗೆ ಸಹಾಯವಾಣಿಯುಂಟು, ಮನಸ್ಸಿಗೆ ಧೈರ್ಯವುಂಟು. ಆದರೆ ವಾಣಿಜ್ಯಶಾಸ್ತ್ರದ ಮಿತ್ರರಿಗೆ ನನ್ನದೊಂದು ವಿನಂತಿ: ಬಹುಮಾನ ಬಂದಿದೆಯೆಂಬ ಇ-ಮೇಲುಗಳನ್ನೆಲ್ಲ ದಯವಿಟ್ಟು ತೆರೆಯದಿರಲಿ. ಆ ಎಚ್ಚರವೂ ಪುಕ್ಕಟೆಯೇ.