ಬೀಗ ಬಿದ್ದಿದ್ದ ಟೆರೇಸ್ ಬಾಗಿಲು

ನೋಯ್ಡಾ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟ,

ನಿನ್ನ ಸ್ಕ್ರಿಪ್ಟ್ ಓದಿ ಮುಗಿಸಿದೆ. ಹಿಡಿದ ಮೇಲೆ ಕೆಳಗಿಡುವುದಕ್ಕೆ ಮನಸ್ಸಾಗಲಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಕಾಣೆಯಾದ ತಂಗಿಯನ್ನು ಹುಡುಕಿಕೊಂಡು ಬೆಂಗಳೂರಿನಿಂದ ಸಂಧ್ಯಾ ಒಬ್ಬಳೇ ದೆಹಲಿಗೆ ಬರುವುದು, ಭಾಷೆ ಸರಿಯಾಗಿ ಬಾರದೆ ಆಟೋದವನ ಮುಂದೆ ತಡವರಿಸುವುದು, ಇವೆಲ್ಲ ಕಣ್ಣಿಗೆ ಕಟ್ಟಿತು. ಆದರೆ ಜೊತೆಗೆ ನೀನು ಬರೆದ ಮಾತೊಂದಿದೆಯಲ್ಲ, "ಥ್ರಿಲ್ಲರ್ ನೋಡೋರು ಲಾಜಿಕ್ ಕೇಳಲ್ಲ ಅಕ್ಕ, ಸ್ಪೀಡ್ ಕೇಳ್ತಾರೆ" ಅಂತ, ಅದನ್ನು ನಾನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಅಂತ ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಅದಕ್ಕೇ ಕಾಗದ.

ಮೊದಲು ಚಿಲ್ಲರೆ ವಿಷಯಗಳು. ಡಿಸೆಂಬರ್ ಕೊನೆಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹೊಸದಿಲ್ಲಿಗೆ ಸರಿಯಾದ ಸಮಯಕ್ಕೆ ಬಂದು ನಿಲ್ಲುತ್ತದೆ ಅಂತ ಬರೆದಿದ್ದೀಯ. ಆ ದಿನಗಳಲ್ಲಿ ಇಲ್ಲಿ ಮಂಜು ಕವಿದರೆ ರೈಲುಗಳು ಗಂಟೆಗಟ್ಟಲೆ ತಡ. ಆಮೇಲೆ ಸಂಧ್ಯಾ ಚೀಲದಲ್ಲಿ ಪಿಸ್ತೂಲು ಇಟ್ಟುಕೊಂಡು ಮೆಟ್ರೋ ಹತ್ತಿ ಗುರುಗ್ರಾಮಕ್ಕೆ ಹೋಗುತ್ತಾಳೆ. ಪುಟ್ಟ, ದೆಹಲಿ ಮೆಟ್ರೋದಲ್ಲಿ ಚೀಲ ಎಕ್ಸ್‌ರೇ ಯಂತ್ರದೊಳಗೆ ಹೋಗದೆ ಯಾರೂ ಪ್ಲಾಟ್‌ಫಾರ್ಮ್ ತಲುಪುವುದಿಲ್ಲ. ಹೆಂಗಸರಿಗೆ ಬೇರೆ ಸಾಲು. ಪರದೆ ಕಟ್ಟಿದ ಸಣ್ಣ ಗೂಡಿನಲ್ಲಿ ಮರದ ಮೆಟ್ಟಿಲ ಮೇಲೆ ನಿಲ್ಲಿಸಿ, ಸಿಐಎಸ್‌ಎಫ್‌ನ ಮಹಿಳಾ ಸಿಬ್ಬಂದಿ ಕೈಯಲ್ಲಿ ಹಿಡಿದ ಡಿಟೆಕ್ಟರನ್ನು ಭುಜದಿಂದ ಮೊಣಕಾಲಿನವರೆಗೆ ಆಡಿಸುತ್ತಾರೆ. ಈ ಊರಿನಲ್ಲಿ ಲಕ್ಷಾಂತರ ಜನಕ್ಕೆ ಇದು ದಿನಾ ಬೆಳಗಿನ ಅನುಭವ. ಅವರಲ್ಲಿ ಒಬ್ಬರು ನಿನ್ನ ಸಿನಿಮಾ ನೋಡಿದರೂ ಅಲ್ಲಿಗೇ ಕಥೆಯಿಂದ ಹೊರಗೆ ಬೀಳುತ್ತಾರೆ. ಆದರೂ ಇವು ಅರ್ಧ ದಿನದಲ್ಲಿ ಸರಿಹೋಗುವ ತಪ್ಪುಗಳು. ಪಿಸ್ತೂಲನ್ನು ಗುರುಗ್ರಾಮದಲ್ಲೇ ಸಿಗುವ ಹಾಗೆ ಮಾಡು, ರೈಲು ತಡವಾಗಿ ಬರಲಿ. ಆ ತಡದಿಂದಲೇ ಅವಳು ಯಾರನ್ನೋ ಕಾಣುವುದು ತಪ್ಪಿಹೋದರೆ ಕಥೆಗೆ ಲಾಭ.

ನನ್ನನ್ನು ನಿಜವಾಗಿ ಕಾಡಿದ್ದು 42ನೇ ದೃಶ್ಯ. ಕೊಲೆಗಾರ ಯಾವ ಮನೆಯಲ್ಲಿದ್ದಾನೆ ಅಂತ ಸಂಧ್ಯಾಗೆ ಗೊತ್ತಾಗುತ್ತದೆ, ರಾತ್ರಿ ಹನ್ನೊಂದು ಗಂಟೆ, ಕೈಯಲ್ಲಿ ಫೋನಿದೆ. 112 ಒತ್ತುವುದಿಲ್ಲ, ಯಾರಿಗೂ ಹೇಳುವುದಿಲ್ಲ, ನೇರ ಹೋಗಿ ಬಾಗಿಲು ತಳ್ಳುತ್ತಾಳೆ. ಯಾಕೆ? ಒಳಗೆ ಹೋಗದಿದ್ದರೆ ನಿನ್ನ ಕ್ಲೈಮ್ಯಾಕ್ಸ್ ನಡೆಯುವುದಿಲ್ಲ, ಅದಕ್ಕೆ. ನನ್ನ ಲೆಕ್ಕದಲ್ಲಿ ಕಥೆಯ ತೂತು ಅಂದರೆ ಇದೇ. ಆಗಲಾರದ್ದು ಆಗಿಬಿಟ್ಟರೆ ಜನ ಸಹಿಸುತ್ತಾರೆ. ಮನುಷ್ಯರು ಕಾರಣವಿಲ್ಲದೆ, ಬರೆದವನ ಅನುಕೂಲಕ್ಕೆ ನಡೆದುಕೊಂಡರೆ ಸಹಿಸುವುದಿಲ್ಲ.

"ಎನ್ಎಚ್ 10" ಇನ್ನೊಂದು ಸಲ ನೋಡು. 2015ರಲ್ಲಿ ಬಂದದ್ದು, ನವದೀಪ್ ಸಿಂಗ್ ನಿರ್ದೇಶನ, ಸುದೀಪ್ ಶರ್ಮಾ ಬರವಣಿಗೆ, ನಮ್ಮ ಪಕ್ಕದ ಗುರುಗ್ರಾಮದ ಗಂಡ ಹೆಂಡತಿಯ ಕಥೆ. ಢಾಬಾದಲ್ಲಿ ಒಂದು ಹುಡುಗ ಹುಡುಗಿಯನ್ನು ಗೂಂಡಾಗಳು ಎಳೆದುಕೊಂಡು ಹೋಗುತ್ತಾರೆ, ಗಂಡ ಅರ್ಜುನ್ ಅಡ್ಡ ಹೋಗುತ್ತಾನೆ, ಕೆನ್ನೆಗೆ ಏಟು ಬೀಳುತ್ತದೆ. ಆಮೇಲೆ ಅದೇ ಗಾಡಿ ಕಣ್ಣಿಗೆ ಬಿದ್ದಾಗ ಕೈಯಲ್ಲಿ ಬಂದೂಕು ಹಿಡಿದು ಕಾಡಿನೊಳಗೆ ಅವರ ಹಿಂದೆ ಹೋಗುತ್ತಾನೆ. ಬುದ್ಧಿ ಇರುವ ಯಾರಾದರೂ ಹೀಗೆ ಮಾಡುತ್ತಾರಾ ಅಂತ ಸಿಟ್ಟಾದವರನ್ನು ನಾನು ಕಂಡಿದ್ದೇನೆ. ಆದರೆ ಸಿನಿಮಾ ಅದಕ್ಕೆ ಉತ್ತರವನ್ನು ಮೊದಲೇ ಇಟ್ಟಿದೆ. ಹಿಂದೊಂದು ರಾತ್ರಿ ಹೆಂಡತಿ ಮೀರಾಳ ಕಾರಿನ ಮೇಲೆ ದಾಳಿಯಾದಾಗ ಅವನು ಅವಳ ಜೊತೆಗಿರಲಿಲ್ಲ. ಆ ಕೊರಗು ಒಳಗಿದೆ. ಮನೆಗೆ ಬಂದೂಕು ಬಂದದ್ದೂ ಆ ದಾಳಿಯಿಂದಲೇ. ಹೆಂಡತಿಯ ಎದುರಿಗೆ ಬಿದ್ದ ಏಟು ಅದರ ಮೇಲೆ ಸೇರಿದೆ. ಅವನು ಮಾಡುವುದು ತಪ್ಪೇ, ಆದರೆ ಅವನಂಥವನು ಮಾಡುವ ತಪ್ಪು. ಕೊನೆಯಲ್ಲಿ ಮೀರಾ ಆಶ್ರಯ ಕೇಳಿ ಹೋಗುವ ಮನೆಯೇ ಕೊಲೆಗಾರರ ಮನೆಯಾಗಿರುತ್ತದೆ. ಕೇಳಿದರೆ ಕಾಕತಾಳೀಯ ಅನಿಸುತ್ತದೆ. ಆದರೆ ಗೊತ್ತಿಲ್ಲದ ಹಳ್ಳಿಯಲ್ಲಿ ಕಷ್ಟಕ್ಕೆ ಸಿಕ್ಕಿದ ಹೆಂಗಸು ಸರಪಂಚರ ಮನೆಗಲ್ಲದೆ ಇನ್ನೆಲ್ಲಿಗೆ ಹೋದಾಳು? ಆ ಸರಪಂಚಳೇ ಕೊಲೆಯಾದ ಹುಡುಗಿಯ ತಾಯಿ ಅನ್ನುವುದರಲ್ಲಿ ಇಡೀ ಊರಿನ ಸ್ವರೂಪ ಬಯಲಾಗುತ್ತದೆ.

ಅತಿಯಾಯಿತು ಅನ್ನುವವರು ಹರಿಯಾಣದ ಕೈಥಲ್ ಜಿಲ್ಲೆಯಲ್ಲಿ 2007ರಲ್ಲಿ ನಡೆದದ್ದನ್ನು ಓದಬೇಕು. ಒಂದೇ ಗೋತ್ರದಲ್ಲಿ ಮದುವೆಯಾದ ಜೋಡಿಗೆ ನ್ಯಾಯಾಲಯವೇ ಪೊಲೀಸ್ ಕಾವಲು ಕೊಡಿಸಿತ್ತು. ಕಾವಲಿನವರು ನಡುದಾರಿಯಲ್ಲಿ ಬಿಟ್ಟು ಹೋದರು. ಹುಡುಗಿಯ ಮನೆಯವರು ಇಬ್ಬರನ್ನೂ ಬಸ್ಸಿನಿಂದ ಇಳಿಸಿಕೊಂಡು ಹೋಗಿ ಕೊಂದರು. ನೀನು ಇದನ್ನು ಬರೆದಿದ್ದರೆ ನಿರ್ಮಾಪಕ "ಪೊಲೀಸರು ಹೇಗಯ್ಯಾ ಬಿಟ್ಟು ಹೋಗ್ತಾರೆ?" ಅಂತ ಪುಟವನ್ನೇ ಹರಿಯುತ್ತಿದ್ದ.

ಒಳ್ಳೆಯ ಬರಹಗಾರರು ಈ "ಹೇಗಯ್ಯಾ?" ಅನ್ನುವ ಪ್ರಶ್ನೆಯನ್ನು ಹೇಗೆ ಎದುರಿಸುತ್ತಾರೆ ನೋಡು. 1987ರ ಮಾರ್ಚಿನಲ್ಲಿ ಮುಂಬೈಯ ಆಪೆರಾ ಹೌಸ್ ಬಳಿಯ ಆಭರಣದ ಅಂಗಡಿಗೆ ನಕಲಿ ಸಿಬಿಐ ತಂಡವೊಂದು ನುಗ್ಗಿತ್ತಲ್ಲ, ಆ ಎಳೆ ಹಿಡಿದು ನೀರಜ್ ಪಾಂಡೆ "ಸ್ಪೆಷಲ್ 26" ಮಾಡಿದರು. ಸಿನಿಮಾ ಶುರುವಾಗುವುದು ದೆಹಲಿಯ ಮಂತ್ರಿಯೊಬ್ಬರ ಮನೆಯ ದಾಳಿಯಿಂದ. ದುಡ್ಡು ಹೋಗಿದೆ, ಬಂದವರು ನಕಲಿ ಅಂತಲೂ ತಿಳಿದಿದೆ, ಆದರೂ ಮಂತ್ರಿ ದೂರು ಕೊಡಲು ಸಿದ್ಧನಿಲ್ಲ. ಅದು ಕಪ್ಪುಹಣ, ದೂರು ಕೊಟ್ಟರೆ ಮರ್ಯಾದೆಯೂ ಹೋಗುತ್ತದೆ. ಇನ್ನು "ದೃಶ್ಯ" ನಾವಿಬ್ಬರೂ ನೋಡಿದ್ದೇ. ಕೇಬಲ್ ಟಿವಿ ನಡೆಸುವವನು ಇಷ್ಟೊಂದು ಸಾಕ್ಷಿಗಳನ್ನು ಹೇಗೆ ತಯಾರು ಮಾಡಿದ? ಯಾರಿಗೂ ಸುಳ್ಳು ಹೇಳಿಕೊಡಲಿಲ್ಲ. ಅವರು ಇವನನ್ನು ನೋಡಿದ್ದು ನಿಜ, ತಾರೀಕು ಮಾತ್ರ ಬೇರೆ. ಆಮೇಲೆ ಇನ್ನೊಮ್ಮೆ ಹೋಗಿ, ಮಾತಿನ ಮಧ್ಯೆ ತಾರೀಕನ್ನು ಅವರ ತಲೆಗೆ ಹಾಕಿ ಬರುತ್ತಾನೆ. ನಮಗೆ ಮುಖ ನೆನಪಿರುತ್ತದೆ, ತಾರೀಕು ನೆನಪಿರುವುದಿಲ್ಲ. ಆ ಕಥೆ ನಿಂತಿರುವುದೇ ಅದರ ಮೇಲೆ.

ಈಗ ನಾನು ಈ ಕಾಗದ ಬರೆಯಲು ಕೂತ ಮುಖ್ಯ ಕಾರಣಕ್ಕೆ ಬರುತ್ತೇನೆ. 2008ರ ಮೇ 16ರ ಬೆಳಿಗ್ಗೆ ನೋಯ್ಡಾದ ಸೆಕ್ಟರ್ 25, ಜಲವಾಯು ವಿಹಾರದ ಫ್ಲಾಟಿನಲ್ಲಿ ಹದಿಮೂರು ವರ್ಷದ ಹುಡುಗಿಯ ಶವ ಸಿಕ್ಕಿತು. ಮನೆಗೆಲಸದವನು ಕಾಣಲಿಲ್ಲ. ಅವನೇ ಕೊಂದು ಓಡಿಹೋದ ಅಂತ ಹುಡುಕಾಟ ಶುರುವಾಯಿತು. ಆ ಫ್ಲಾಟಿನ ಮೇಲೊಂದು ಟೆರೇಸ್ ಇತ್ತು, ಅದರ ಬಾಗಿಲಿಗೆ ಬೀಗ ಬಿದ್ದಿತ್ತು. ಪೊಲೀಸರು ಬಂದರು, ಟಿವಿಯವರು ಬಂದರು, ನೆಂಟರು, ಅಕ್ಕಪಕ್ಕದವರು ಬಂದು ಹೋದರು. ಆ ದಿನ ಬೀಗ ಒಡೆಯಲಿಲ್ಲ. ಮರುದಿನ ಒಡೆದಾಗ ಕೊಲೆಗಾರ ಅಂತ ಎಲ್ಲರೂ ಹುಡುಕುತ್ತಿದ್ದವನ ಹೆಣ ಟೆರೇಸಿನಲ್ಲಿತ್ತು.

ಅಲ್ಲಿಗೆ ಮುಗಿಯಲಿಲ್ಲ. ಸಿಬಿಐನ ಮೊದಲ ತಂಡ ಒಂದು ದಿಕ್ಕಿನಲ್ಲಿ ಹೋಯಿತು, ಅದರ ನಂತರದ ತಂಡ ಇನ್ನೊಂದು ದಿಕ್ಕಿನಲ್ಲಿ. ಹುಡುಗಿಯ ತಂದೆಯ ಕ್ಲಿನಿಕ್ಕಿನ ಸಹಾಯಕನ ಕೋಣೆಯಲ್ಲಿ ಸಿಕ್ಕಿದ ದಿಂಬಿನ ಕವರಿನಲ್ಲಿ ಸತ್ತವನ ರಕ್ತವಿತ್ತು ಅಂತ ಹೈದರಾಬಾದಿನ ಪ್ರಯೋಗಾಲಯ ವರದಿ ಕೊಟ್ಟಿತ್ತು. ವರ್ಷಗಳ ಮೇಲೆ ಅದು ಟೈಪಿಂಗ್ ತಪ್ಪು ಅಂದರು. 2013ರ ನವೆಂಬರಿನಲ್ಲಿ ಗಾಜಿಯಾಬಾದಿನ ವಿಶೇಷ ನ್ಯಾಯಾಲಯ ಹುಡುಗಿಯ ತಂದೆತಾಯಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2017ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟ್ ಇಬ್ಬರನ್ನೂ ಬಿಡುಗಡೆ ಮಾಡಿತು. ಆ ತೀರ್ಪಿನಲ್ಲಿ ಒಬ್ಬರು ನ್ಯಾಯಮೂರ್ತಿ ಬರೆದದ್ದನ್ನು ನೀನು ಓದಲೇಬೇಕು ಪುಟ್ಟ. ಚೆಲ್ಲಾಪಿಲ್ಲಿಯಾಗಿದ್ದ ಸಂಗತಿಗಳನ್ನು ಕೆಳಗಿನ ನ್ಯಾಯಾಲಯ ಸಿನಿಮಾ ನಿರ್ದೇಶಕನ ಹಾಗೆ ಬಲವಂತವಾಗಿ ಒಂದಕ್ಕೊಂದು ಹೊಂದಿಸಲು ಹೋಗಿದೆ, ಅನ್ನುವುದು ಅದರ ಸಾರ. ಸಿನಿಮಾದವರ ಕಸುಬನ್ನು ಹೆಸರಿಸಿ ಎಚ್ಚರಿಸಿದ ಮಾತು ಅದು. ನಿನಗೂ ಸೇರುತ್ತದೆ.

ಎರಡು ತೀರ್ಪುಗಳ ನಡುವೆ, 2015ರಲ್ಲಿ, ಮೇಘನಾ ಗುಲ್ಜಾರ್ "ತಲ್ವಾರ್" ಮಾಡಿದರು, ವಿಶಾಲ್ ಭಾರದ್ವಾಜ್ ಬರೆದರು. ಅದೇ ರಾತ್ರಿಯನ್ನು ಬೇರೆ ಬೇರೆ ತಂಡಗಳು ಕಲ್ಪಿಸಿಕೊಂಡ ಹಾಗೆ ತಿರುತಿರುಗಿ ತೋರಿಸುತ್ತಾರೆ. ಆ ಮನೆಯ ಕತ್ತಲೆ, ಆ ಕೋಣೆ ಅವೇ, ನಡೆಯುವುದು ಮಾತ್ರ ಬೇರೆ. ಸಿನಿಮಾದ ಒಲವು ಯಾವ ಕಡೆಗಿದೆ ಅಂತ ಗೊತ್ತಾಗುತ್ತದೆ, ಅದರ ಬಗ್ಗೆ ಜಗಳ ಆಡಬಹುದು. ಆದರೆ ಗೊತ್ತಿಲ್ಲದ ಜಾಗವನ್ನು ಗೊತ್ತಿಲ್ಲದ ಹಾಗೆಯೇ ಬಿಡುವ ಧೈರ್ಯ ಅದಕ್ಕಿದೆ. ಇರ್ಫಾನ್ ಖಾನ್ ಪಾತ್ರ ಕಷ್ಟಪಟ್ಟು ಕಟ್ಟಿದ್ದನ್ನೂ ಕಚೇರಿಯ ಒಂದು ಮೇಜಿನ ಸುತ್ತ ಕೂತ ಜನ ಕೆಡವಿಬಿಡುತ್ತಾರೆ. ಆ ದಿನಗಳಲ್ಲಿ ಟಿವಿ ಪರದೆಯ ಮೇಲೆ ಪ್ರತಿ ಸಂಜೆ ಒಂದೊಂದು ಸಲೀಸಾದ ಕಥೆ ಬರುತ್ತಿತ್ತು. ತೂತೇ ಇಲ್ಲದ ಕಥೆಗಳು. ಆ ಕಥೆಗಳಿಂದ ಸತ್ತ ಮಗುವಿನ ಹೆಸರಿಗೂ ಮಸಿ ಬಿತ್ತು. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಆದ್ದರಿಂದ ನಿನ್ನಿಂದ ನಾನು ಕೇಳುವುದು ಎರಡು. ಕೊನೆಯಲ್ಲಿ ಇನ್‌ಸ್ಪೆಕ್ಟರ್ ನಿಂತು ಎಲ್ಲವನ್ನೂ ವಿವರಿಸುವ ದೃಶ್ಯ ತೆಗೆದುಹಾಕು. ತಂಗಿ ಆ ಸಂಜೆ ಗೇಟಿನ ಹೊರಗೆ ಯಾಕೆ ಬಂದಳು ಅನ್ನುವುದು ಸಂಧ್ಯಾಗೆ ತಿಳಿಯುವ ದಾರಿಯೇ ಇಲ್ಲ. ಇನ್‌ಸ್ಪೆಕ್ಟರಿಗೂ ಇಲ್ಲ. ನಮಗೂ ತಿಳಿಯದಿರಲಿ. ಅದು ತೂತಲ್ಲ.

ಇನ್ನೊಂದು, 42ನೇ ದೃಶ್ಯಕ್ಕೆ ಕಾರಣ ಹುಡುಕು. ಈ ಊರೇ ನಿನಗೆ ಕೊಡುತ್ತದೆ. ಕೊಲೆಗಾರನ ಮನೆಯನ್ನು ಕಾಪಸ್‌ಹೇಡಾ ಗಡಿಗೆ ತಾ. ರಸ್ತೆಯ ಈಚೆ ದೆಹಲಿ ಪೊಲೀಸ್, ಅವರು ಕೇಂದ್ರ ಗೃಹ ಸಚಿವಾಲಯದ ಕೆಳಗೆ. ಆಚೆ ಹರಿಯಾಣ ಪೊಲೀಸ್. ಮೊದಲ ಠಾಣೆಯಲ್ಲಿ "ನಮ್ಮ ಏರಿಯಾ ಅಲ್ಲ, ಆ ಕಡೆ ಹೋಗಿ" ಅನ್ನಲಿ. ಎರಡನೆಯದರಲ್ಲಿ "ದೆಹಲಿಯವರದ್ದು" ಅನ್ನಲಿ. ತಮ್ಮ ಏರಿಯಾ ಅಲ್ಲದಿದ್ದರೂ ಯಾವ ಠಾಣೆಯಾದರೂ ಝೀರೋ ಎಫ್‌ಐಆರ್ ಬರೆದುಕೊಳ್ಳಬೇಕು ಅಂತ ಕಾನೂನಿದೆ. 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದನ್ನು ಸ್ಪಷ್ಟವಾಗಿಯೇ ಸೇರಿಸಿದ್ದಾರೆ. ಸಂಧ್ಯಾ ಅದನ್ನೂ ಹೇಳಲಿ, ತನ್ನ ಅರೆಬರೆ ಹಿಂದಿಯಲ್ಲಿ. ರಾತ್ರಿ ಪಾಳಿಯವನು ಪೆನ್ನು ತೆಗೆಯದಿರಲಿ. ಆಮೇಲೆ ಅವಳು ಒಬ್ಬಳೇ ಆ ಮನೆಯ ಕಡೆ ನಡೆದರೆ ಯಾಕೆ ಹೋದಳು ಅಂತ ಕೇಳುವವರು ಯಾರೂ ಇರುವುದಿಲ್ಲ. ಹೋಗದೆ ಇನ್ನೇನು ಮಾಡುತ್ತಾಳೆ ಅಂತ ಎಲ್ಲರಿಗೂ ಅನಿಸುತ್ತದೆ.

ಜನವರಿಯಲ್ಲಿ ರಜೆ ಹಾಕಿ ಬಾ. ಗಡಿಯ ಎರಡೂ ಕಡೆ ಕರೆದುಕೊಂಡು ಹೋಗುತ್ತೇನೆ, ಆ ರಸ್ತೆಯಲ್ಲಿ ರಾತ್ರಿ ಎಲ್ಲಿ ದೀಪವಿದೆ ಎಲ್ಲಿ ಇಲ್ಲ ಅಂತ ನೀನೇ ನೋಡಿಕೊಳ್ಳುವೆಯಂತೆ. ಅಷ್ಟರೊಳಗೆ ಠಾಣೆಯ ದೃಶ್ಯ ಬರೆದು ಕಳಿಸು, ಹಿಂದಿ ಮಾತುಗಳನ್ನು ನಾನು ತಿದ್ದಿಕೊಡುತ್ತೇನೆ. ಅಮ್ಮನಿಗೆ ಮಂಡಿನೋವಿನ ಎಣ್ಣೆ ತಪ್ಪದೆ ಹಚ್ಚಿಕೊಳ್ಳಲು ಹೇಳು.

ನಿನ್ನ ಅಕ್ಕ